ಅವ್ವನ ಕ್ಷೀರವ್ರತ, ಮಗಳ ಹುಟ್ಟುಹಬ್ಬ ಮತ್ತು ಸೀತಾಫಲದ ಸೋರ್ಬೆ

ಮೊನ್ನೆ ಶುಕ್ರವಾರ ರಾತ್ರಿ ಕೊನೆಯ ಬಟ್ಟಲು ತೊಳೆದು ಮಗುಚಿ ಹಾಕಿದಾಗ ಹತ್ತು ಗಂಟೆ. ಹದಿನೇಳು ದಿನದ ಪಂಚಾಯಿತಿ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಸೋರ್ಬೆ, ಅದೇ ಹಾಲಿಲ್ಲದ ಹಣ್ಣಿನ ಐಸ್‌ಕ್ರೀಮ್, ಮಾಡುವುದು ಅಂದರೆ ಹಣ್ಣು ರುಬ್ಬಿ ಫ್ರೀಜರಿಗೆ ತಳ್ಳುವುದು ಅಂತ ನಾನೂ ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದರೆ ಮೊದಲು ಇದನ್ನು ಓದಿಬಿಡಿ. ಒಂದು ಕಲ್ಲಂಗಡಿ, ಒಂದು ಕಿಲೋ ಸೀತಾಫಲ ಮತ್ತು ಒಂದು ಆಟೋ ಬಾಡಿಗೆಯಾದರೂ ಉಳಿಯುತ್ತದೆ.

ನಾವು ಧಾರವಾಡದವರು. ಪುಣೆಗೆ ಬಂದು ಹನ್ನೊಂದು ವರ್ಷ, ಕೋಥ್ರೂಡಿನಲ್ಲಿ ಮನೆ. ಅಪ್ಪ ಹೋದಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಚಾತುರ್ಮಾಸ ಬಂತು ಅಂದರೆ ಅವಳ ವ್ರತ ಶುರು. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳು ಇಲ್ಲ. ಈ ಸಲ ಮಗಳ ಒಂಬತ್ತನೇ ಹುಟ್ಟುಹಬ್ಬ ಸರಿಯಾಗಿ ಕ್ಷೀರವ್ರತದೊಳಗೆ ಬಂದು ಕೂತಿತು. ಅವ್ವನಿಗೆ ಐಸ್‌ಕ್ರೀಮ್ ಅಂದರೆ ಪ್ರಾಣ. ಹೋದ ವರ್ಷ ಎಲ್ಲರೂ ತಿನ್ನುವಾಗ ಅವಳು ಕಪ್ಪು ಚಹಾ ಹಿಡಿದು ಬಾಲ್ಕನಿಯಲ್ಲಿ ಕೂತಿದ್ದಳಂತೆ. ನನಗೆ ನೆನಪೇ ಇಲ್ಲ, ಮಗಳಿಗಿದೆ. "ಅಪ್ಪಾ, ಈ ಸಲ ಅಜ್ಜಿ ತಿನ್ನೋ ಐಸ್‌ಕ್ರೀಮ್ ಬೇಕು" ಅಂದಳು. ವ್ರತದ ದಿನಗಳಲ್ಲಿ ಅವ್ವ ಹೊರಗಿನದು ಮುಟ್ಟುವುದಿಲ್ಲ. ಹಾಗಾಗಿ ಮನೆಯಲ್ಲೇ ಆಗಬೇಕು, ಹಾಲಿಲ್ಲದೆ ಆಗಬೇಕು.

ಮಗಳೇ ಎಲ್ಲೋ ನೋಡಿ ಹೆಸರು ಹೇಳಿದಳು, ಸೋರ್ಬೆ. ಅವ್ವನಿಗೆ ಅದು ಶರಬತ್ತು ಅಂತ ಕೇಳಿಸಿತು. "ಶರಬತ್ತು ಕುಡಿಯೋದಲ್ಲೇನು, ತಿನ್ನೋದು ಹ್ಯಾಂಗ?" ಎಂದಳು. ನಾವು ನಕ್ಕೆವು. ಆಮೇಲೆ ಹುಡುಕಿದರೆ ಅವಳು ಹೇಳಿದ್ದೇ ಸರಿ. ಎರಡೂ ಒಂದೇ ಬೇರಿನ ಮಾತು. ಅರಬ್ಬಿಯಿಂದ ತುರ್ಕಿಗೆ, ಅಲ್ಲಿಂದ ಇಟಲಿಗೆ ಹೋಗಿ ಸೋರ್ಬೆ ಆಗಿದೆ. ನಮ್ಮ ಕಡೆ ಬಂದದ್ದು ಶರಬತ್ತಾಗಿಯೇ ಉಳಿಯಿತು.

ಮೊದಲ ಭಾನುವಾರ ಕಲ್ಲಂಗಡಿ ತಂದೆ, 90 ರೂಪಾಯಿ. ರುಬ್ಬಿ, ಸೋಸಿ, ಎರಡು ಚಮಚ ಸಕ್ಕರೆ ಹಾಕಿ ಫ್ರೀಜರಿಗಿಟ್ಟೆ. ಹಣ್ಣೇ ಸಿಹಿ ಇದೆ, ಸಕ್ಕರೆ ಯಾಕೆ ಜಾಸ್ತಿ ಅನ್ನುವ ಬುದ್ಧಿವಂತಿಕೆ. ಬೆಳಗ್ಗೆ ತೆಗೆದರೆ ಕೆಂಪು ಕಲ್ಲು. ಚಮಚ ಬಾಗಿತು, ಅದು ಬಾಗಲಿಲ್ಲ. ಅವ್ವ ಡಬ್ಬಿ ಬಡಿದು ನೋಡಿ, "ಫರಸಿ ಮಾಡೀಯೇನು, ತಮ್ಮಾ?" ಅಂದಳು. ನೆಲಕ್ಕೆ ಹಾಸುವ ಕಲ್ಲು ಅಂತ.

ತಪ್ಪು ಏನು ಅಂತ ತಿಳಿದುಕೊಳ್ಳಲು ಎರಡು ರಾತ್ರಿ ಹೋಯಿತು. ಸೋರ್ಬೆಯಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ನೀರು ಪೂರ್ತಿ ಗಟ್ಟಿಯಾಗದಂತೆ ತಡೆಯುವುದೇ ಅದು. ಇಡೀ ಮಿಶ್ರಣದ ತೂಕದಲ್ಲಿ ಹಣ್ಣಿನ ಸಕ್ಕರೆಯೂ ಸೇರಿ ನೂರಕ್ಕೆ 25ರಿಂದ 30 ಪಾಲು ಸಕ್ಕರೆ ಇರಬೇಕು. ಕಡಿಮೆಯಾದರೆ ಬರ್ಫಿನ, ಅಂದರೆ ಮಂಜುಗಡ್ಡೆಯ ಗಟ್ಟಿ. ಜಾಸ್ತಿಯಾದರೆ ಎಷ್ಟು ಹೊತ್ತು ಇಟ್ಟರೂ ಗಂಜಿಯಂತೆ ಅಳ್ಳಕ. ಕಲ್ಲಂಗಡಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ. ನನ್ನ ಎರಡು ಚಮಚ ಅಲ್ಲಿ ಯಾವ ಮೂಲೆಗೆ?

ಈ ಪಾಕದ ಹದ ನೋಡಲು ಒಂದು ಹಳೇ ಉಪಾಯ ಇದೆಯಂತೆ. ತೊಳೆದ ಕೋಳಿಮೊಟ್ಟೆಯನ್ನು ಮಿಶ್ರಣದೊಳಗೆ ಬಿಡುವುದು. ಅದು ತೇಲಿ ಒಂದು ನಾಣ್ಯದಷ್ಟು ಅಗಲ ಮೇಲೆ ಕಂಡರೆ ಸಕ್ಕರೆ ಸರಿಯಾಗಿದೆ ಅಂತ ಲೆಕ್ಕ. ಬಹಳ ಚೆನ್ನಾದ ಉಪಾಯ, ನಮ್ಮ ಮನೆಗೆ ಮೊಟ್ಟೆ ಬರುವಂತಿದ್ದರೆ. ಕ್ಷೀರವ್ರತದ ತಿಂಗಳಲ್ಲಿ ಆ ಮಾತು ಎತ್ತುವ ಧೈರ್ಯವೂ ನನಗಿಲ್ಲ. ಅದಕ್ಕೇ 450 ರೂಪಾಯಿ ಕೊಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆ. ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಲೋಟ, ಬಟ್ಟಲು, ಚಮಚದ ಅಳತೆ ಬಿಡಿ. ಗ್ರಾಂ ಲೆಕ್ಕದಲ್ಲೇ ಮಾಡಿ.

ಹಣ್ಣು ಯಾವುದು ಅನ್ನುವ ಪ್ರಶ್ನೆಯನ್ನು ಅವ್ವನೇ ಬಗೆಹರಿಸಿದಳು. ಇದು ಸೀತಾಫಲದ ಕಾಲ. ದಿವೆ ಘಾಟ್ ಹತ್ತಿ ಇಳಿದರೆ ಸಾಸವಡ, ಪುರಂದರ ತಾಲೂಕು. ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಿಂದ ಪುಣೆಗೆ ಬುಟ್ಟಿ ಬುಟ್ಟಿ ಸೀತಾಫಲ ಬರುತ್ತದೆ. ಹಾಲಿಲ್ಲದೇ ಕೆನೆಯ ಹಾಗಿರುವ ಹಣ್ಣು ಬೇರೆ ಯಾವುದಿದೆ ಹೇಳಿ? ಮಹಾತ್ಮಾ ಫುಲೆ ಮಂಡಈಗೆ, ಅಂದರೆ ಇಲ್ಲಿನ ಹಣ್ಣು ತರಕಾರಿ ಮಾರುಕಟ್ಟೆಗೆ ಹೋಗಿ ಒಂದು ಕಿಲೋ ತಂದೆ, 140 ರೂಪಾಯಿ. ಮಾರುವವಳು ಕೊಡುವಾಗಲೇ "ದೋನ್ ದಿವಸ್ ಥಾಂಬಾ" ಅಂದಿದ್ದಳು. ಎರಡು ದಿನ ತಡಿ ಅಂತ. ನನಗೆಲ್ಲಿಯ ತಾಳ್ಮೆ? ಮಾರನೇ ದಿನವೇ ಒಡೆದೆ. ಅರ್ಧ ಹಣ್ಣು ಹಸಿಗಟ್ಟಿ, ತಿರುಳು ಬೀಜ ಬಿಡಲಿಲ್ಲ.

ಹಣ್ಣಾಗುವ ತನಕ ಕಾಯುವುದೇ ಈ ಕೆಲಸದ ಮೊದಲ ಹಂತ ಅಂತ ಆಮೇಲೆ ತಿಳಿಯಿತು. ಗಟ್ಟಿ ಕಾಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಸಿಪ್ಪೆ ಕಪ್ಪಾಗುತ್ತದೆ, ಹಣ್ಣೂ ಆಗುವುದಿಲ್ಲ. ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿಡಿ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾಗಬೇಕು, ಹೆಬ್ಬೆರಳು ಒತ್ತಿದರೆ ಮೆತ್ತಗೆ ಒಳಗೆ ಹೋಗಬೇಕು. ಹಣ್ಣಾದಮೇಲೆ ಬೇಕಾದರೆ ಫ್ರಿಜ್‌ಗೆ ಹಾಕಿ.

ಆ ಸಲದ ದೊಡ್ಡ ತಪ್ಪು ಬೇರೆಯೇ ಇತ್ತು. ಸಕ್ಕರೆ ಪಾಕ ಮಾಡಿ, ಅದು ಕುದಿಯುವಾಗಲೇ ತಿರುಳು ಹಾಕಿ ಐದು ನಿಮಿಷ ಕೈಯಾಡಿಸಿದೆ. ಜಾಮ್ ಮಾಡುವ ಹಾಗೆ ಒಂದಾಗಲಿ ಅಂತ. ಮೂಗಿಗೆ ಘಮ್ ಅಂತ ಬಂತು. ಆರಿದ ಮೇಲೆ ನಾಲಿಗೆಗೆ ಹಚ್ಚಿದರೆ ಕಹಿ. ಹಾಗಲಕಾಯಿಯ ಕಹಿ ಅಲ್ಲ, ಔಷಧಿ ಗುಳಿಗೆ ಬಾಯಲ್ಲೇ ಕರಗಿದಾಗ ಉಳಿಯುತ್ತದಲ್ಲ, ಅಂಥದ್ದು. ಹಣ್ಣೇ ಕೆಟ್ಟಿತ್ತೇನೋ ಅಂತ ಪಾಪ ಆ ಮಂಡಈಯವಳನ್ನು ಬೈದುಕೊಂಡೆ. ಮೇಲಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಂದು ನೋಡಿ ಹಣೆ ಚಚ್ಚಿಕೊಂಡರು. ಸೀತಾಫಲ ಬಿಸಿ ಮಾಡಿದರೆ ಕಹಿಯಾಗುತ್ತದೆ, ಬಾಸುಂದಿಗೂ ಹಾಲು ಪೂರ್ತಿ ಆರಿದ ಮೇಲೇ ತಿರುಳು ಬೆರೆಸುವುದು ಅಂತ ಅವರಿಗೆ ಗೊತ್ತು. ಹೆಂಡತಿಗೂ ಗೊತ್ತಿತ್ತು. "ನೀವು ಕೇಳಲಿಲ್ಲರೀ" ಅಂದಳು. ಕೇಳಬೇಕಿತ್ತು. ಒಂದು ಕಿಲೋ ಹಣ್ಣು ಕಸದ ಡಬ್ಬಿಗೆ ಹೋಯಿತು.

ಮೂರನೇ ಸಲ ಒಂದೂವರೆ ಕಿಲೋ, 210 ರೂಪಾಯಿ. ಮೂರು ದಿನ ಕಾದೆ. ಈ ಸಲ ತಿರುಳು ಬಿಡಿಸಲು ಅವ್ವನೇ ಬಂದು ಕೂತಳು. ನಾನು ಚಮಚದಿಂದ ಒಂದೊಂದೇ ಬೀಜ ಕೀಳುತ್ತಿದ್ದುದನ್ನು ಒಂದೆರಡು ನಿಮಿಷ ನೋಡಿದಳು. ಎದ್ದು ಹೋಗಿ ಮಜ್ಜಿಗೆಯ ಕಡಗೋಲು ತೊಳೆದು ಒರೆಸಿ ತಂದಳು. ತಿರುಳನ್ನೆಲ್ಲ ಬೀಜ ಸಮೇತ ಆಳವಾದ ಪಾತ್ರೆಗೆ ಹಾಕಿ, ಕಡಗೋಲನ್ನು ಎರಡು ಅಂಗೈ ನಡುವೆ ಹಿಡಿದು ನಿಧಾನ ಹೊಸೆಯತೊಡಗಿದಳು. ಮೊದಲು ಏನೂ ಆಗಲಿಲ್ಲ. ಹತ್ತಿಪ್ಪತ್ತು ಸುತ್ತಿನ ನಂತರ ಕರೀ ಬೀಜಗಳು ಒಂದೊಂದಾಗಿ ಬಿಳೀ ಅಂಗಿ ಕಳಚಿ ಹೊಳೆಯುತ್ತಾ ಮೇಲೆ ಬಂದವು. ಆಮೇಲೆ ಅಗಲ ತೂತಿನ ಜರಡಿಯಲ್ಲಿ ಸೋಸಿದರೆ ಮುಗಿಯಿತು. ಒಂದು ಗಂಟೆಯ ಕೆಲಸ ಕಾಲು ಗಂಟೆಗೆ ಬಂತು. 620 ಗ್ರಾಂ ತಿರುಳು ಸಿಕ್ಕಿತು.

ಬೀಜದ ವಿಷಯದಲ್ಲಿ ಹುಷಾರು. ಬೀಜ ಸಮೇತ ಮಿಕ್ಸರಿಗೆ ಹಾಕುವ ಸೋಮಾರಿತನ ಖಂಡಿತ ಬೇಡ. ಒಡೆದ ಬೀಜ ಹೊಟ್ಟೆಗೆ ಒಳ್ಳೆಯದಲ್ಲ. ಊರಲ್ಲಿ ಇದರ ಪುಡಿಯನ್ನು ತಲೆಯ ಹೇನಿಗೆ ಹಚ್ಚುತ್ತಿದ್ದರು, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು.

ಅಳತೆ ಹೀಗೆ. ತಿರುಳು 600 ಗ್ರಾಂ, ನೀರು 250, ಸಕ್ಕರೆ 150, ಒಂದು ನಿಂಬೆಯ ರಸ, ಎರಡು ಚಿಟಿಕೆ ಉಪ್ಪು. ಚೆನ್ನಾಗಿ ಹಣ್ಣಾದ ಸೀತಾಫಲದಲ್ಲಿ ನೂರಕ್ಕೆ ಸುಮಾರು 20 ಪಾಲು ಸಕ್ಕರೆ ಅಂತ ಹಿಡಿದರೆ ತಿರುಳಿನಿಂದ 120 ಗ್ರಾಂ ಬಂತು, ನಾವು ಹಾಕಿದ್ದು 150. ಒಟ್ಟು ಒಂದು ಕಿಲೋದಲ್ಲಿ 270 ಗ್ರಾಂ. ಸರಿಯಾಗಿ ನಡುವೆ ಬಿತ್ತು. ನಿಂಬೆ ರಸ ರುಚಿಗೂ ಹೌದು, ತಿರುಳು ಕಪ್ಪಾಗದ ಹಾಗೂ ನೋಡಿಕೊಳ್ಳುತ್ತದೆ. ಸಕ್ಕರೆಯಲ್ಲಿ 30 ಗ್ರಾಂ ತೆಗೆದು ಅಷ್ಟೇ ಗ್ಲುಕೋಸ್ ಪುಡಿ ಹಾಕಿದೆ, ಮೆಡಿಕಲ್ ಅಂಗಡಿಯಲ್ಲಿ 60 ರೂಪಾಯಿ. ಅದು ಸಕ್ಕರೆಗಿಂತ ಸಿಹಿ ಕಡಿಮೆ, ಆದರೆ ಮೆತ್ತಗೆ ಇಡುವುದರಲ್ಲಿ ಸಕ್ಕರೆಗಿಂತ ಮೇಲು. ಕಿತ್ತಳೆ ವಾಸನೆಯದ್ದು ತರಬೇಡಿ, ಸಾದಾ ಕೇಳಿ. ಸಕ್ಕರೆ, ಗ್ಲುಕೋಸ್ ಎರಡನ್ನೂ ಆ ನೀರಿನಲ್ಲಿ ಕರಗುವಷ್ಟೇ ಬಿಸಿ ಮಾಡಿ, ಪೂರ್ತಿ ತಣ್ಣಗಾಗಲು ಬಿಡಬೇಕು. ನನಗೆ ಎರಡು ಗಂಟೆ ಬೇಕಾಯಿತು. ಆಮೇಲೆ ತಿರುಳು ಬೆರೆಸಿ ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ ಇಟ್ಟೆ. ರುಚಿ ನೋಡಿದಾಗ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಬೇಕು. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಇಳಿದೇ ಹೋಗುತ್ತದೆ.

ಬೆಳಗ್ಗೆ ಸ್ಟೀಲಿನ ಅಗಲ ತಟ್ಟೆಗೆ ಒಂದಿಂಚು ದಪ್ಪ ಸುರಿದು ಫ್ರೀಜರಿಗೆ. ಪ್ಲಾಸ್ಟಿಕ್ ಡಬ್ಬಿಗಿಂತ ಸ್ಟೀಲು ಬೇಗ ತಣ್ಣಗಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಹರಳು ಸಣ್ಣದು, ನಾಲಿಗೆಗೆ ನುಣುಪು. ಆರು ಗಂಟೆ ಕಾದೆ. ತುಂಡು ಮಾಡಿ ಮಿಕ್ಸರಿಗೆ ಹಾಕಿ ಗುಂಡಿ ತಿರುಗಿಸಿದೆ. ಗುರ್ ಅಂದಿತು, ಸುಟ್ಟ ವಾಸನೆ ಬಂತು, ನಿಂತೇ ಹೋಯಿತು. ಮತ್ತೆ ತಿರುಗಿಸಿದರೆ ಸದ್ದೇ ಇಲ್ಲ.

ನಮ್ಮ ಮದುವೆಗೆ ಹೆಂಡತಿಯ ತವರಿನಿಂದ ಬಂದ ಮಿಕ್ಸರ್ ಅದು. ನಾನು ವಾರಂಟಿ ಕಾರ್ಡ್ ಹುಡುಕಲು ಕಪಾಟು ಕೆಡವಿದೆ. ಗ್ಯಾಸ್ ಪುಸ್ತಕ ಸಿಕ್ಕಿತು, ಮಗಳ ಲಸಿಕೆ ಕಾರ್ಡ್ ಸಿಕ್ಕಿತು, ಧಾರವಾಡದ ಮನೆಯ ಹಳೇ ನೀರಿನ ಬಿಲ್ ಕೂಡ ಸಿಕ್ಕಿತು. ಕಾರ್ಡ್ ಸಿಗಲಿಲ್ಲ. ಸಿಕ್ಕಿದ್ದರೂ ಅವಧಿ ಮುಗಿದು ಎಷ್ಟು ವರ್ಷವೋ. ಮಿಕ್ಸರನ್ನು ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಮಗುಚಿದ. ತಳದಲ್ಲಿ ಒಂದು ಸಣ್ಣ ಕೆಂಪು ಗುಂಡಿ. ಬೆರಳಿನಿಂದ ಒತ್ತಿದ, ಟಕ್ ಅಂದಿತು. ಪ್ಲಗ್ ಹಾಕಿದ, ತಿರುಗಿತು. ಮೋಟರ್ ಮೇಲೆ ಭಾರ ಜಾಸ್ತಿ ಬಿದ್ದರೆ ಅದು ತಾನೇ ಹೊರಗೆ ಜಿಗಿದು ಕರೆಂಟ್ ಕಡಿಯುತ್ತದಂತೆ, ಮೋಟರ್ ಸುಡದಿರಲಿ ಅಂತ. ಹತ್ತು ನಿಮಿಷ ಆರಲು ಬಿಟ್ಟು ಒತ್ತಿದರೆ ಸಾಕು. ದುಡ್ಡು ತೊಗೊಳ್ಳಲಿಲ್ಲ, ನಕ್ಕ. ಆಟೋಕ್ಕೆ ಹೋಗಿ ಬರುವುದು 120 ರೂಪಾಯಿ.

ನಿಮ್ಮ ಮಿಕ್ಸರನ್ನೂ ಈಗಲೇ ಒಮ್ಮೆ ಮಗುಚಿ ನೋಡಿ. ಗಟ್ಟಿ ತುಂಡನ್ನು ಫ್ರೀಜರಿನಿಂದ ತೆಗೆದ ಕೂಡಲೇ ಹಾಕಬೇಡಿ. ಏಳೆಂಟು ನಿಮಿಷ ಹೊರಗಿಡಿ, ಒಂದು ಹಿಡಿಯಷ್ಟೇ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ.

ಅಷ್ಟರಲ್ಲಿ ತಟ್ಟೆಯಲ್ಲಿದ್ದದ್ದು ಕರಗಿ ಪಾಯಸ. ಮತ್ತೆ ಫ್ರೀಜರಿಗಿಟ್ಟು ಮಾರನೇ ದಿನ ರುಬ್ಬಿದೆವು. ರುಚಿ ಅದ್ಭುತ, ಆದರೆ ಸ್ವಲ್ಪ ಮರಳು ಮರಳು. ಸೀತಾಫಲದಲ್ಲಿ ಹುಟ್ಟಾ ಒಂದು ಮರಳಿರುತ್ತದೆ, ಅದು ಬೇರೆ. ಇದು ಬರ್ಫಿನ ಮರಳು. ನಮ್ಮದು ಸಿಂಗಲ್ ಡೋರ್ ಫ್ರಿಜ್, ಮೇಲಿನ ಆ ಪುಟ್ಟ ಫ್ರೀಜರ್ ಅಷ್ಟು ತಣ್ಣಗಾಗುವುದಿಲ್ಲ, ನಿಧಾನವಾಗಿ ಗಟ್ಟಿ ಮಾಡುತ್ತದೆ. ಕಾಕು ಮನೆಯದು ಡಬಲ್ ಡೋರ್. ಅವರ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಅವ್ವನ ಮಡಿಯ ಚಿಂತೆ ನನಗಿತ್ತು. ಅವಳೇ, "ಡಬ್ಬಿ ಬಾಯಿ ಬಿಗಿ ಮುಚ್ಚು, ಸಾಕು. ಕೂಸಿನ ಹುಟ್ಟಹಬ್ಬ" ಎಂದಳು.

ಹುಟ್ಟುಹಬ್ಬ ಶುಕ್ರವಾರ. ಬುಧವಾರ ರಾತ್ರಿ ಹೊಸ ಮಿಶ್ರಣ ತಯಾರು, ಮತ್ತೆ ಒಂದೂವರೆ ಕಿಲೋ ಹಣ್ಣು. ಗುರುವಾರ ರಜೆ ಹಾಕಿದೆ. ಪುಣೆಯಲ್ಲಿ ಇದ್ದವರಿಗೆ ಗುರುವಾರ ಅಂದರೆ ಏನು ಅಂತ ಗೊತ್ತು. ನೀರು ನಿಲ್ಲುವುದೂ ಗುರುವಾರ, ರಿಪೇರಿಗೆ ಕರೆಂಟ್ ತೆಗೆಯುವುದೂ ಗುರುವಾರ. ಹನ್ನೊಂದು ವರ್ಷದಿಂದ ಇಲ್ಲೇ ಇರುವ ನನಗೆ ಅದೊಂದು ದಿನ ಮರೆತುಹೋಯಿತು. ಒಂಬತ್ತೂವರೆಗೆ ತಟ್ಟೆ ಕಾಕು ಮನೆಯ ಫ್ರೀಜರಿಗೆ ಹೋಯಿತು, ಹತ್ತಕ್ಕೆ ಕರೆಂಟ್ ಹೋಯಿತು. ಸಂಜೆ ನಾಲ್ಕರ ತನಕ ಬರುವುದಿಲ್ಲ ಅಂತ ವಾಚ್‌ಮನ್ ಹೇಳಿದ. ಅಕ್ಟೋಬರಿನ ಬಿಸಿಲು, ಫ್ಯಾನಿಲ್ಲ, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಜ ಹೇಳಬೇಕೆಂದರೆ ಅಳುವೇ ಬಂದಿತ್ತು. ಒಂದು ಬಟ್ಟಲು ಶರಬತ್ತಿಗೆ ಇಷ್ಟಾ ಅನ್ನಿಸಿತು.

ಅವ್ವ ಬಾಗಿಲಿಗೆ ಬಂದು, "ಬರ್ಫು ಸಿಗ್ತದೇನು ಇಲ್ಲೆ?" ಅಂತ ಕೇಳಿದಳು. ಸಿಗುತ್ತದೆ, ಕಬ್ಬಿನ ಹಾಲಿನ ಅಂಗಡಿಗೆ ತರುತ್ತಾರೆ. "ಐದು ಕಿಲೋ ತೊಗೊಂಬಾ. ಹಳ್ಳುಪ್ಪು ತಾ. ನಮ್ಮಪ್ಪನ ಮನ್ಯಾಗ ಫ್ರಿಜ್ ಎಲ್ಲಿತ್ತು? ಕಟಗಿ ಬಕೀಟಿನ್ಯಾಗ ತಿರುವಿ ತಿರುವಿ ಮಾಡ್ತಿದ್ರು."

ಬರ್ಫು 50, ಉಪ್ಪು 20. ದೊಡ್ಡ ಬಕೆಟ್ ತಳಕ್ಕೆ ಹಳೇ ಟಾವೆಲ್, ಮೇಲೆ ಗೋಣಿಚೀಲದಲ್ಲಿ ಕುಟ್ಟಿದ ಬರ್ಫು. ಮೂರು ಪಾಲು ಬರ್ಫಿಗೆ ಒಂದು ಪಾಲು ಹಳ್ಳುಪ್ಪು, ಪದರ ಪದರವಾಗಿ. ಬರೀ ಬರ್ಫು ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಉಪ್ಪು ಬಿದ್ದ ಬರ್ಫು ಕರಗುತ್ತಾ ಸುತ್ತಲಿನ ಶಾಖ ಎಳೆದುಕೊಂಡು ಸೊನ್ನೆಗಿಂತ 15–20 ಡಿಗ್ರಿ ಕೆಳಗೆ ಇಳಿಯುತ್ತದೆ, ಹೆಚ್ಚುಕಡಿಮೆ ಒಳ್ಳೆ ಫ್ರೀಜರಿನಷ್ಟು. ನಡುವೆ ಎತ್ತರದ ಸ್ಟೀಲ್ ಡಬ್ಬಿ, ಅದರೊಳಗೆ ನಮ್ಮ ಮಿಶ್ರಣ ಅರ್ಧದಷ್ಟು. ಎರಡು ಸಲ ಮಾಡಬೇಕಾಯಿತು. ಅವ್ವ ಮಣೆ ಹಾಕಿಕೊಂಡು ಕೂತು ಡಬ್ಬಿಯ ಕಂಠ ಹಿಡಿದು ಅತ್ತ ಇತ್ತ ತಿರುವತೊಡಗಿದಳು. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನಾನು ಮರದ ಸೌಟಿನಿಂದ ಗೋಡೆ ಕೆರೆಯಬೇಕು. ಮೊದಲು ಗೋಡೆಗೆ ಕೂದಲೆಳೆಯಷ್ಟು ತೆಳು ಪದರ ಕಟ್ಟಿತು. ಕೆರೆದು ನಡುವೆ ಸೇರಿಸಿದೆ. ಮತ್ತೆ ಕಟ್ಟಿತು, ಮತ್ತೆ ಕೆರೆದೆ. ಅರ್ಧ ಗಂಟೆಗೆ ಸೌಟು ಭಾರವಾಯಿತು. ಮುಕ್ಕಾಲು ಗಂಟೆಗೆ ಸೌಟು ಡಬ್ಬಿಯೊಳಗೆ ತಾನಾಗಿಯೇ ನೆಟ್ಟಗೆ ನಿಂತಿತು. ಬರ್ಫಿನ ಹರಳು ಹುಡುಕಿದರೂ ಇಲ್ಲ. ಮಿಕ್ಸರ್ ಬೇಕೇ ಆಗಲಿಲ್ಲ.

ಇದನ್ನು ಮಾಡುವವರು ಎರಡು ನೋಡಿಕೊಳ್ಳಿ. ಬರ್ಫಿನ ಮಟ್ಟ ಡಬ್ಬಿಯ ಮುಚ್ಚಳಕ್ಕಿಂತ ನಾಲ್ಕು ಬೆರಳು ಕೆಳಗಿರಲಿ, ಉಪ್ಪುನೀರು ಒಳಗೆ ಹೋದರೆ ಎಲ್ಲ ಹೋಯಿತು. ಕೈಗೆ ಬಟ್ಟೆ ಸುತ್ತಿಕೊಳ್ಳಿ. ಉಪ್ಪು ಹಾಕಿದ ಬರ್ಫು ಬರಿಗೈಯನ್ನು ಸುಡುತ್ತದೆ, ನನ್ನ ಎರಡು ಬೆರಳು ಇನ್ನೂ ಜೋಮು ಹಿಡಿದ ಹಾಗಿದೆ. ಉಪ್ಪುನೀರನ್ನು ಕುಂಡಕ್ಕೆ ಸುರಿಯಬೇಡಿ, ಗಿಡ ಸಾಯುತ್ತದೆ.

ನಾಲ್ಕೂವರೆಗೆ ಕರೆಂಟ್ ಬಂತು. ಅಲ್ಲಿಯ ತನಕ ಡಬ್ಬಿಗಳನ್ನು ಉಳಿದ ಬರ್ಫಿನಲ್ಲೇ ಹುಗಿದು ಕಂಬಳಿ ಹೊಚ್ಚಿದ್ದೆವು. ಆಮೇಲೆ ರಾತ್ರಿಯಿಡೀ ಕಾಕು ಮನೆಯ ಫ್ರೀಜರು. ಬಡಿಸುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಬೇಕು.

ಖರ್ಚು ಕೇಳುವವರಿಗೆ: ಕಲ್ಲಂಗಡಿ 90, ಸೀತಾಫಲ ಮೂರು ಸಲಕ್ಕೆ 560, ತಕ್ಕಡಿ 450, ಗ್ಲುಕೋಸ್ 60, ಆಟೋ 120, ಬರ್ಫು ಉಪ್ಪು 70, ನಿಂಬೆಹಣ್ಣು 20. ಒಟ್ಟು 1,370 ರೂಪಾಯಿ. ಸರಿಯಾಗಿ ಗೊತ್ತಿದ್ದರೆ 300ರಲ್ಲಿ ಮುಗಿಯುತ್ತಿತ್ತು.

ಶುಕ್ರವಾರ ಏಳು ಮಕ್ಕಳು ಬಂದಿದ್ದರು. ಮೊದಲ ಬಟ್ಟಲು ದೇವರ ಮುಂದೆ ಹೋಯಿತು, ಎರಡನೆಯದನ್ನು ಮಗಳು ಅಜ್ಜಿಯ ಕೈಗೆ ಕೊಟ್ಟಳು. ಅವ್ವ ಚಮಚದ ತುದಿಯಲ್ಲಿ ಸ್ವಲ್ಪ ತೊಗೊಂಡು ಬಾಯಲ್ಲಿಟ್ಟುಕೊಂಡಳು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಖರೇ ಹೇಳು. ಹಾಲು ಹಾಕಿಲ್ಲಲಾ?"

"ನೀನೇ ತಿರುವೀಯಲ್ಲ, ಅವ್ವಾ."

"ನಾ ತಿರುವಿದ್ದು ಡಬ್ಬಿ. ಒಳಗೇನಿತ್ತೋ ನಂಗೇನು ಗೊತ್ತು" ಅನ್ನುತ್ತಲೇ ಬಟ್ಟಲು ಖಾಲಿ ಮಾಡಿದಳು. ಕಾಕುಗೆ ಅವರ ಡಬ್ಬಿ ನಾವು ವಾಪಸು ಕೊಡಬೇಕು. ಖಾಲಿ ಡಬ್ಬಿ ಕೊಡಬಾರದು ಅಂತ ಅವ್ವ ಹಟ ಹಿಡಿದಿದ್ದಾಳೆ, ಆದರೆ ಉಳಿದಿದ್ದ ಎರಡು ಸೌಟು ಸೋರ್ಬೆ ಇವತ್ತು ಬೆಳಗ್ಗೆ ನೋಡಿದರೆ ಫ್ರೀಜರಿನಲ್ಲಿ ಇಲ್ಲ. ಮಗಳು ಶಾಲೆಗೆ ಹೋಗಿದ್ದಾಳೆ. ಅವ್ವ ಹೊರಗಿನ ಕೋಣೆಯಲ್ಲಿ ಜಪದ ಸರ ಹಿಡಿದು ಕೂತಿದ್ದಾಳೆ, ಕೇಳಿದರೆ ಕೈಸನ್ನೆಯಲ್ಲಿ ಆಮೇಲೆ ಅನ್ನುತ್ತಾಳೆ.